ಓದುಗರ ಸ್ಪಂದನ: ಬೀಗ ಹಾಕಿದ ಮೇಲೆ ಶುರುವಾಗುವ ಅನುಮಾನ

(ಹೊರಟು ಬಸ್ ಹತ್ತಿದ ಮೇಲೆ ಲೈಟ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ. ಮೇನ್ ಸ್ವಿಚ್ ಇಳಿಸಿದರೆ ಫ್ರಿಜ್ ನಿಲ್ಲುತ್ತದೆ. ಬಾಗಿಲ ಹತ್ತಿರ ಒಂದೇ ಸ್ವಿಚ್‌ನಲ್ಲಿ ಎಲ್ಲಾ ಲೈಟ್ ಆರಿಸಬಹುದೇ ಎಂದು ಓದುಗರೊಬ್ಬರು ಕೇಳಿದ್ದರು.)

ಖಂಡಿತ ಆಗುತ್ತದೆ. ನಾನು ವೈರಿಂಗ್ ಕೆಲಸದವನು. ಮೊದಲು ನಿಮ್ಮ ಡಿ.ಬಿ. ಬಾಕ್ಸ್ (ಮನೆಯ ಕರೆಂಟ್ ಲೈನುಗಳು ಹಂಚಿಹೋಗುವ ಪೆಟ್ಟಿಗೆ) ತೆರೆದು ನೋಡಿ. ಸಾಲಾಗಿ ಎಂಸಿಬಿಗಳಿರುತ್ತವೆ, ಅಂದರೆ ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸುರಕ್ಷತಾ ಸ್ವಿಚ್‌ಗಳು. ಲೈಟು, ಫ್ಯಾನಿಗೆ ಸಾಮಾನ್ಯವಾಗಿ 6 ಅಥವಾ 10 ಆಂಪಿಯರಿನವು, ಗೀಸರಿಗೆ 16 ಅಥವಾ 20. ಒಂದೊಂದನ್ನೇ ಇಳಿಸಿ, ಯಾವ ಕೋಣೆ ಕತ್ತಲಾಯಿತು ನೋಡಿ, ಕೆಳಗೆ ಚೀಟಿ ಅಂಟಿಸಿ. ಫ್ರಿಜ್‌ಗೆ ಬೇರೆ ಎಂಸಿಬಿ ಇದ್ದರೆ ನಿಮ್ಮ ಪುಣ್ಯ. ಅದೊಂದನ್ನು ಬಿಟ್ಟು ಉಳಿದವನ್ನೆಲ್ಲ ಇಳಿಸಿ ನಿಶ್ಚಿಂತೆಯಿಂದ ಊರಿಗೆ ಹೋಗಿ.

ಆದರೆ ದಿನಾ ಹೊರಟಾಗ ಎಂಸಿಬಿ ಎಳೆಯಬೇಡಿ, ಅದು ಇರುವುದು ಆ ಕೆಲಸಕ್ಕಲ್ಲ. ಡಿ.ಬಿ.ಯಲ್ಲಿ ಕಾಂಟ್ಯಾಕ್ಟರ್ (ಒಂದು ಸ್ವಿಚ್‌ನಿಂದ ಹಲವು ಲೈನುಗಳನ್ನು ಒಟ್ಟಿಗೆ ಆರಿಸುವ ಸಾಧನ) ಕೂರಿಸಿ, ಲೈಟಿನ ಲೈನುಗಳನ್ನು ಅದರ ಮೂಲಕ ಬಿಟ್ಟು, ಬಾಗಿಲ ಪಕ್ಕ ಒಂದು ಸ್ವಿಚ್ ಕೊಡಿಸಿ. ಹೋಟೆಲ್ ರೂಮಿನಲ್ಲಿ ಕಾರ್ಡ್ ತೆಗೆದರೆ ಎಲ್ಲಾ ಆರುತ್ತದಲ್ವಾ, ಹೆಚ್ಚುಕಮ್ಮಿ ಅದೇ ಏರ್ಪಾಡು. ಕೆಲವು ಹಳೇ ಮನೆಗಳಲ್ಲಿ ಹಾಲ್ ಲೈಟೂ ಫ್ರಿಜ್ಜೂ ಒಂದೇ ಲೈನಿನಲ್ಲಿರುತ್ತವೆ. ಹಾಗಿದ್ದರೆ ಫ್ರಿಜ್‌ಗೆ ಬೇರೆ ತಂತಿ ಎಳೆಸದೆ ವಿಧಿಯಿಲ್ಲ. ಅಂದಹಾಗೆ, ಆಫ್ ಮಾಡಿದರೂ ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗುವ ತಂತಿ) ಕೊಟ್ಟಿರಬಹುದು. ಅದನ್ನೂ ಹಾಗೇ ನೋಡಿಸಿ.
– ಎಲೆಕ್ಟ್ರಿಷಿಯನ್, ಹಾಸನ

ಲೈಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಧರ್ಮಸ್ಥಳಕ್ಕೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ನಮ್ಮ ಬಚ್ಚಲ ಲೈಟ್ ಉರಿಯುತ್ತಲೇ ಇತ್ತು. ಮಗಳು ಲೆಕ್ಕ ಹಾಕಿದಳು: 9 ವ್ಯಾಟ್ ಬಲ್ಬು, 96 ಗಂಟೆ, ಒಂದು ಯೂನಿಟ್ಟೂ ಆಗಿರಲಿಲ್ಲ. ಅದೇ 2000 ವ್ಯಾಟಿನ ಗೀಸರ್ ನೀರು ಕಾಯಿಸಲು ಅರ್ಧ ಗಂಟೆ ಓಡಿದರೆ ಒಂದು ಯೂನಿಟ್ ಹೋಯಿತು! ಹಾಗಾಗಿ ನಾನು ಗೀಸರ್, ಇಸ್ತ್ರಿ ಪೆಟ್ಟಿಗೆಯ ಪ್ಲಗ್, ಗ್ಯಾಸ್, ಈ ಮೂರನ್ನು ಕೈಯಿಂದ ಮುಟ್ಟಿ 'ಗೀಸರ್ ಆಫ್', 'ಇಸ್ತ್ರಿ ಆಫ್' ಅಂತ ಬಾಯಿಬಿಟ್ಟು ಹೇಳುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಸುಮ್ನೆ ಕಣ್ಣಾಡಿಸಿದ್ದು ಆಮೇಲೆ ನೆನಪಿರುವುದಿಲ್ಲ. ಬಾಯಲ್ಲಿ ಹೇಳಿದ್ದು ಬಸ್ಸಿನಲ್ಲೂ ನೆನಪಿರುತ್ತದೆ.
– ಗೃಹಿಣಿ, ಶಿವಮೊಗ್ಗ

ಎಲ್ಲಾ ಲೈಟ್ ಆರಿಸಲೇಬೇಕಾ? ದೀಪ ಹಚ್ಚುವ ಹೊತ್ತಿಗೆ ಮನೆ ಕತ್ತಲಿರಬಾರದು ಅಂತ ನಮ್ಮಮ್ಮ ಜಗಲಿ ಲೈಟ್ ಹಾಕಿಯೇ ಹೊರಡುತ್ತಿದ್ದರು. ಈಗ ನಾವು ಅಲ್ಲಿಗೆ ಸೆನ್ಸರ್ ಬಲ್ಬ್ ಹಾಕಿದ್ದೇವೆ. ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತದೆ, ಬೆಳಗಾದರೆ ಆರುತ್ತದೆ. ಎದುರುಮನೆಯವರು ಮಾಮೂಲಿ ಬಲ್ಬ್ ಉರಿಯಲು ಬಿಟ್ಟು ಊರಿಗೆ ಹೋಗಿದ್ದರು. ಮಟಮಟ ಮಧ್ಯಾಹ್ನವೂ ಲೈಟ್. ಮೂರನೇ ದಿನ ಹಾಲಿನವನು ನನ್ನನ್ನೇ ಕೇಳಿದ: "ಆ ಮನೇಲಿ ಯಾರೂ ಇಲ್ವಾ?"
– ನಿವೃತ್ತ ಶಿಕ್ಷಕ, ಹುಬ್ಬಳ್ಳಿ