ಹಗಲಿನ ನಿದ್ದೆ ಪರೀಕ್ಷೆ: ‘ನ್ಯಾಪ್’ ಮತ್ತು ‘ಲೇಟೆನ್ಸಿ’ಗೆ ಏನನ್ನೋಣ?

ಗೆಳೆಯರೇ,

ನಿದ್ದೆಯ ತೊಂದರೆ ಇರುವವರಿಗೆ ಪರೀಕ್ಷೆಗೆ ಮುಂಚೆ ಕೊಡುವ ಒಂದು ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಯ ಹೆಸರು ಮಲ್ಟಿಪಲ್ ಸ್ಲೀಪ್ ಲೇಟೆನ್ಸಿ ಟೆಸ್ಟ್, ಚಿಕ್ಕದಾಗಿ ಎಂಎಸ್‌ಎಲ್‌ಟಿ. ಹಗಲಿನಲ್ಲಿ ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂದು ಅಳೆಯುವಂಥದ್ದು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್ಕಡನ್, ವಿಲಿಯಂ ಡಿಮೆಂಟ್ ರೂಪಿಸಿದ್ದು. ಹೆಸರು ಹಾಗೇ ಇರಲಿ. ಡಾಕ್ಟರ ಚೀಟಿಯಲ್ಲೂ ಅದೇ ಇರುತ್ತದಲ್ವಾ? ತೊಡಕಿರುವುದು ಒಳಗಿನ ಮಾತುಗಳಲ್ಲಿ.

ಮೊದಲು ಪರೀಕ್ಷೆ ಹೇಗೆ ಅಂತ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ತಂತಿ ಅಂಟಿಸಿ ಲ್ಯಾಬಿನಲ್ಲೇ ಮಲಗಿಸುತ್ತಾರೆ. ಆ ರಾತ್ರಿ ಕಡಿಮೆಯೆಂದರೆ 6 ಗಂಟೆ ನಿದ್ದೆ ಆಗಿರಬೇಕು. ಬೆಳಿಗ್ಗೆ ಎದ್ದು ಒಂದೂವರೆಯಿಂದ ಮೂರು ಗಂಟೆಯೊಳಗೆ ಮೊದಲ ‘ನ್ಯಾಪ್’, ಅಂದರೆ ಸ್ವಲ್ಪ ಹೊತ್ತು ಮಲಗುವ ಸರದಿ. ಆಮೇಲೆ ಎರಡೆರಡು ಗಂಟೆಗೊಂದು, ಒಟ್ಟು ನಾಲ್ಕೋ ಐದೋ. ಪ್ರತಿ ಸಲ ಕೋಣೆ ಕತ್ತಲೆ ಮಾಡಿ, ಕಣ್ಣು ಮುಚ್ಚಿ ನಿದ್ದೆ ಮಾಡಲು ನೋಡಿ ಎನ್ನುತ್ತಾರೆ. 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎಬ್ಬಿಸುತ್ತಾರೆ. ಬಂದರೆ ಇನ್ನೂ 15 ನಿಮಿಷ ಬಿಟ್ಟು, ಕನಸು ಬೀಳುವ ನಿದ್ದೆಗೆ ಜಾರುತ್ತಾರಾ ಎಂದು ನೋಡುತ್ತಾರೆ.

ಈಗ ‘ನ್ಯಾಪ್’. ಪತ್ರಿಕೆಗಳಲ್ಲಿ ಓಡಾಡುವ ಮಾತು ‘ಕಿರುನಿದ್ದೆ’. ಚೆನ್ನಾಗಿದೆ, ಆದರೆ ನಿದ್ದೆ ಬಂದೇ ಬಂತು ಎಂದು ಅದು ಮೊದಲೇ ಒಪ್ಪಿಕೊಂಡಂತೆ. ಇಲ್ಲಿ ನಿದ್ದೆ ಬರದಿರುವುದೂ ಒಂದು ಫಲಿತಾಂಶವೇ. ಬರದಿದ್ದರೆ ಆ ಸಲ ನಿದ್ದೆ ಹತ್ತಲು ಹಿಡಿದ ಹೊತ್ತು 20 ನಿಮಿಷ ಎಂದೇ ಲೆಕ್ಕ ಹಾಕುತ್ತಾರೆ. ‘ಐದು ಕಿರುನಿದ್ದೆ ಮಾಡಬೇಕು’ ಎಂದು ಓದಿದವರು, ನಿದ್ದೆ ಬರದಿದ್ದರೆ ಪರೀಕ್ಷೆ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಗಾಬರಿಯಾದರೆ ಬರುವ ನಿದ್ದೆಯೂ ಬರುವುದಿಲ್ಲ!

‘ಜೋಂಪು’, ‘ಮಂಪರು’ ತಾವಾಗಿಯೇ ಹತ್ತುವಂಥವು. ‘ಜೋಂಪು ಮಾಡಿ’ ಎಂದು ಯಾರೂ ಹೇಳುವುದಿಲ್ಲ. ‘ತೂಕಡಿಕೆ’ ಕೂತಲ್ಲೇ ಆಗುವುದು. ಅದನ್ನು ಬೇರೆ ಕಡೆಗೆ ಉಳಿಸಿಕೊಂಡಿದ್ದೇನೆ. ಎರಡು ಸರದಿಗಳ ನಡುವೆ ರೋಗಿ ಎಚ್ಚರವಾಗಿಯೇ ಇರಬೇಕು, ಆ ಸೂಚನೆಗೆ ‘ನಡುವೆ ತೂಕಡಿಸಬೇಡಿ’ ಎಂದರೆ ಸಾಕು, ವಿವರಣೆಯೇ ಬೇಡ.

‘ದಿವಾಸ್ವಪ್ನ’ ಬಳಸಿ ಎಂದರು ಒಬ್ಬರು. ಆಯುರ್ವೇದದಲ್ಲಿ ಹಗಲು ಮಲಗುವುದಕ್ಕೆ ಅದೇ ಮಾತು, ನಿಜ. ಆದರೆ ಕನ್ನಡದ ಕಿವಿಗೆ ಅದು ಹಗಲುಗನಸು. ತಮಾಷೆ ಏನೆಂದರೆ, ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದಷ್ಟು ನಿದ್ದೆ ಬರುವ ಕಾಯಿಲೆ) ಪತ್ತೆ ಹಚ್ಚಲು ಡಾಕ್ಟರು ಹುಡುಕುವುದೂ ಹೆಚ್ಚುಕಡಿಮೆ ಅದನ್ನೇ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಬೇಕು, ಜೊತೆಗೆ ಎರಡು ಸಲವಾದರೂ 15 ನಿಮಿಷದೊಳಗೆ ಕನಸಿನ ನಿದ್ದೆ ಶುರುವಾಗಿರಬೇಕು. ಹಿಂದಿನ ರಾತ್ರಿ ಹಾಗೆ ಆಗಿದ್ದರೆ ಅದನ್ನೂ ಒಂದು ಎಂದು ಎಣಿಸುತ್ತಾರೆ. ಮಾಮೂಲಿ ಜನರಿಗೆ ಆ ಹಂತ ಬರಲು ಒಂದೂವರೆ ಗಂಟೆ ಹತ್ತಿರ ಬೇಕು.

ನನ್ನ ಒಲವು ‘ಅಡ್ಡಾಗು’ ಕಡೆಗೆ. ‘ಊಟ ಆಯ್ತು, ಸ್ವಲ್ಪ ಅಡ್ಡಾಗ್ತೀನಿ’ ಅಂತೀವಲ್ಲ, ಅಲ್ಲಿ ನಿದ್ದೆ ಬಂದರೂ ಸರಿ, ಬರದಿದ್ದರೂ ಸರಿ. ‘ದಿನದಲ್ಲಿ ನಾಲ್ಕೈದು ಸಲ ಅಡ್ಡಾಗಲು ಹೇಳುತ್ತಾರೆ’ ಎಂದು ಬರೆದರೆ ಯಾರಿಗೂ ಹೆದರಿಕೆ ಇಲ್ಲ. ಒಂದೇ ಅನುಮಾನ: ‘ಅಡ್ಡ’ಕ್ಕೆ ತಡೆ ಎನ್ನುವ ಅರ್ಥವೂ ಇದೆ. ‘ಅಡ್ಡಾಗುವಿಕೆ’ ಎಂದು ಹೆಸರುಪದ ಮಾಡಿದರಂತೂ ಓದಲಾಗದು. ಹಾಗಾಗಿ ಕ್ರಿಯಾಪದವಾಗಿ ಮಾತ್ರ ಬಳಸಿ, ಎಣಿಸುವಾಗ ‘ಮೊದಲ ಸರದಿ, ಎರಡನೇ ಸರದಿ’ ಎಂದಿದ್ದೇನೆ.

‘ಲೇಟೆನ್ಸಿ’ ಇನ್ನೂ ಕಷ್ಟ. ನನಗೆ ಸಿಕ್ಕ ಕರಡಿನಲ್ಲಿ ‘ನಿದ್ರಾ ಸುಪ್ತಾವಧಿ’ ಎಂದಿತ್ತು. ಸುಪ್ತ ಪ್ರತಿಭೆ ಎನ್ನುವಾಗ ಸುಪ್ತ ಅಂದರೆ ಅಡಗಿದ್ದು, ಸರಿ. ಆದರೆ ಅದರ ಮೂಲ ಅರ್ಥವೇ ಮಲಗಿರುವ. ಹಾಗಾದರೆ ಸುಪ್ತಾವಧಿ ಎಂದರೆ ನಿದ್ದೆ ಮಾಡಿದಷ್ಟು ಹೊತ್ತು ಅಂತಲೇ ಆಗುವುದಿಲ್ಲವೇ? ಬೇಕಾಗಿರುವುದು ಅದರ ತದ್ವಿರುದ್ಧ, ದೀಪ ಆರಿಸಿದ ಮೇಲೆ ನಿದ್ದೆ ಬರುವವರೆಗಿನ ಹೊತ್ತು. ‘ನಿಮ್ಮ ಸುಪ್ತಾವಧಿ 4 ನಿಮಿಷ’ ಎಂದರೆ ‘ಅಯ್ಯೋ, ನಾಲ್ಕೇ ನಿಮಿಷ ಮಲಗಿದ್ನಾ’ ಎನ್ನುತ್ತಾರೆ. ‘ನಿದ್ದೆ ಹತ್ತಲು ಹಿಡಿದ ಹೊತ್ತು’ ಉದ್ದವಾಯಿತು, ಆದರೆ ತಪ್ಪಿಲ್ಲ. ವರದಿಯ ಕೋಷ್ಟಕದಲ್ಲಿ ಅಷ್ಟು ಜಾಗ ಇರುವುದಿಲ್ಲ, ಅಲ್ಲಿಗೆ ‘ನಿದ್ದೆಹತ್ತು ಹೊತ್ತು’ ಎಂದರೆ ಕಿವಿಗೆ ಸರಿಯೇ?

ಇದರ ಜೊತೆಗಾರ ಪರೀಕ್ಷೆ ಇನ್ನೊಂದಿದೆ. ಅದರಲ್ಲಿ ಮಂದ ಬೆಳಕಿನಲ್ಲಿ ಕೂರಿಸಿ, ಒಂದೊಂದು ಸಲಕ್ಕೆ 40 ನಿಮಿಷ ನಿದ್ದೆ ಮಾಡದೆ ಇರಿ ಎನ್ನುತ್ತಾರೆ. ಚಾಲಕರು, ಪೈಲಟ್‌ಗಳಂಥವರಿಗೆ ಇದು ಬೇಕಾಗುತ್ತದೆ. ‘ಎಚ್ಚರ ಪರೀಕ್ಷೆ’ ಎಂದರೆ ಹುಷಾರಾಗಿದ್ದಾರಾ ನೋಡುವ ಪರೀಕ್ಷೆ ಎನಿಸುತ್ತದೆ. ಸದ್ಯಕ್ಕೆ ‘ಎಚ್ಚರವಿರುವ ಪರೀಕ್ಷೆ’ ಎಂದು ಬರೆದಿದ್ದೇನೆ, ಸಮಾಧಾನವಿಲ್ಲ.

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ: ಮಧ್ಯಾಹ್ನ ಸುಮ್ನೆ ಮೈಚಾಚುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ‘ಅಡ್ಡಾಗು’ ನಿಮ್ಮಲ್ಲೂ ಇದೆಯೇ?