ಗದುಗಿನ ಭಾರತಕ್ಕೆ ಟಿಪ್ಪಣಿ: ಪುಟದ ಅಡಿಗೋ, ಪುಸ್ತಕದ ಕೊನೆಗೋ?

ಕೇಳಿದವರು: ಕುಮಾರವ್ಯಾಸನ ಗದುಗಿನ ಭಾರತದಿಂದ ಆಯ್ದ 120 ಪದ್ಯಗಳನ್ನು ಪಿಯುಸಿ ಮಕ್ಕಳಿಗೆಂದು ಅಚ್ಚು ಹಾಕಿಸುತ್ತಿದ್ದೇವೆ. ಟಿಪ್ಪಣಿ ಎಲ್ಲಿರಬೇಕು? ಮಾಡಿ ನೋಡಿದವರು ಹೇಳಿ.

ಡಿಟಿಪಿಯವ: ಕೊನೆಗೇ ಹಾಕಿ. ಅಡಿಗೆ ಹಾಕಿದ ನಮ್ಮ ಪುಸ್ತಕ 320 ಪುಟ, 16 ಪುಟದ 20 ಫಾರಂಗೆ (ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆಗೆ) ಸರಿಯಾಗಿ ಕೂತಿತ್ತು. ಎರಡನೇ ಕರಡಿನಲ್ಲಿ ಟಿಪ್ಪಣಿ ಬೆಳೆದು 329 ಆಯಿತು. 21ನೇ ಫಾರಂ ಬಿತ್ತು. ಏಳು ಪುಟ ಖಾಲಿ, ಕಾಗದದ ದುಡ್ಡು ಪೂರ್ತಿ. ಜಾಗ ಉಳಿಸಲು 9 ಪಾಯಿಂಟ್ ಅಕ್ಷರಕ್ಕೆ 11 ಪಾಯಿಂಟ್ ಸಾಲಂತರ ಕೊಟ್ಟರೆ 'ಸ್ತ್ರ', 'ಷ್ಟ್ರ'ಗಳ ಒತ್ತು ಕೆಳಸಾಲಿನ ತಲಕಟ್ಟಿಗೆ ತಾಗುತ್ತದೆ. 13ಕ್ಕಿಂತ ಇಳಿಸಬೇಡಿ. ಇನ್ನೊಂದು: ನುಡಿ ತಂತ್ರಾಂಶದಲ್ಲಿ ಕೂರಿಸಿದ್ದನ್ನು ಬರೀ ಪಠ್ಯವಾಗಿ ಯೂನಿಕೋಡಿಗೆ ತಂದರೆ ಟಿಪ್ಪಣಿಯ ಗುರುತಿಗೆ ಪದದ ಮೇಲಿಟ್ಟ ಪುಟ್ಟ ಅಂಕಿಗಳೆಲ್ಲ ಕೆಳಗಿಳಿದು 'ಅಗ್ಗಳಿಕೆ3' ಎಂದಾಗುತ್ತವೆ. ಒಂದೊಂದನ್ನೂ ಕೈಯಲ್ಲೇ ತಿದ್ದಬೇಕು.

ಗಮಕದವರು: ಕೊನೆಗೆ ಹಾಕಿದ್ದನ್ನು ಯಾವ ಹುಡುಗನೂ ತಿರುವಿ ನೋಡುವುದಿಲ್ಲ. ಆರು ಸಾಲಿನ ಷಟ್ಪದಿಯೊಳಗೆ ಅಂಕಿಯೇ ಬೇಡ. 'ಹಲಗೆ ಬಳಪವ ಪಿಡಿಯದೊಂದ / ಗ್ಗಳಿಕೆ ಪದವಿಟ್ಟಳುಪದೊಂದ' ಇಲ್ಲಿ ಅಗ್ಗಳಿಕೆ (ಹಿರಿಮೆ) ಎಂಬ ಮಾತು ಎರಡು ಸಾಲಿಗೆ ಒಡೆದಿದೆ. ಅಂಕಿ ಎಲ್ಲಿಡುತ್ತೀರಿ? ಟಿಪ್ಪಣಿಗೆ ಅನುಕೂಲವೆಂದು ಪದವನ್ನು ಮೇಲಿನ ಸಾಲಿಗೆ ಕೂಡಿಸಿಬಿಟ್ಟರೆ ಎರಡೂ ಸಾಲಿನಲ್ಲಿ 14-14 ಇರಬೇಕಾದ ಮಾತ್ರೆ (ಉಚ್ಚಾರದ ಕಾಲದ ಎಣಿಕೆ) 17-11 ಆಗುತ್ತದೆ, ಪ್ರಾಸವೂ ಹೋಯಿತು. ಪದ್ಯದ ಕೆಳಗೇ ಪದ್ಯಸಂಖ್ಯೆ, ಸಾಲುಸಂಖ್ಯೆ ಕೊಟ್ಟು ಅರ್ಥ ಬರೆಯಿರಿ. ನಾವು ಹಾಗೇ ಮಾಡಿದ್ದು, ಇವತ್ತಿಗೂ ಅದೇ ಸರಿ.

ಡಿಟಿಪಿಯವ: ಹಾಗೆ ಮಾಡಿದರೆ ಪುಟಕ್ಕೆ ಮೂರು ಪದ್ಯ ಹಿಡಿಯುವಲ್ಲಿ ಎರಡೇ ಹಿಡಿಯುತ್ತದೆ. 40 ಪುಟ 60 ಆಯಿತು. ಬೆಲೆ ಹೆಚ್ಚಿದರೆ ಕೊಳ್ಳುವವರು ಯಾರು ಸ್ವಾಮಿ?

ಗಮಕದವರು: ಅಗ್ಗವಾಗಲಿ ಎಂದು ಕಾವ್ಯವನ್ನು ಕೊಲ್ಲಬೇಡಿ!

ಹಳಗನ್ನಡ ಮೇಷ್ಟ್ರು: ಇಬ್ಬರೂ ಜಾಗಕ್ಕೆ ಜಗಳವಾಡುತ್ತಿದ್ದೀರಿ. ಪಾಠಾಂತರವನ್ನೂ (ಬೇರೆ ಬೇರೆ ಹಸ್ತಪ್ರತಿಗಳ ಪಾಠವ್ಯತ್ಯಾಸ) ಅರ್ಥವನ್ನೂ ಒಂದೇ ಸರಣಿಯಲ್ಲಿ ಬೆರೆಸುವುದೇ ದೊಡ್ಡ ಕೇಡು. ಪಾಠಾಂತರ ಯಾವ ಹಸ್ತಪ್ರತಿಯದೆಂದು ತೋರಿಸುವ ಕ, ಖ, ಗ ಎಂಬ ಸಂಕೇತಗಳೊಂದಿಗೆ ಅಡಿಗೆ ಹೋಗಲಿ, ಅರ್ಥ ಬೇರೆ ಕಡೆ ಇರಲಿ. ಕಷ್ಟದ ಪದಕ್ಕೆ ಮಾತ್ರ ಟಿಪ್ಪಣಿ ಸಾಕು ಎನ್ನುವುದೂ ತಪ್ಪು. 'ಹಲಗೆ' ಸುಲಭದ ಮಾತೇ, ಆದರೆ ಇಂದಿನ ಹುಡುಗನಿಗೆ ಅದು ಮರದ ತುಂಡು, ಇಲ್ಲವೇ ಬಡಿಯುವ ವಾದ್ಯ. ಬರೆಯುವ ಹಲಗೆ ಎಂದು ಒಂದು ಸಾಲು ಬರೆಯದಿದ್ದರೆ, ಬರೆದು ಅಳಿಸುವ ಕರಡೇ ಬೇಡದ ಕವಿಯ ಹೆಮ್ಮೆ ಅವನಿಗೆ ದಕ್ಕುವುದಿಲ್ಲ. ಹಾಗೆಯೇ ಹೇಳದೆ ಕೇಳದೆ ಅಕ್ಷರ ತಿದ್ದುವವರು. ಪಂಪನಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ಹಳಗನ್ನಡದ ೞ ಅಕ್ಷರವನ್ನು ಳ ಮಾಡಿ ಟಿಪ್ಪಣಿಯನ್ನೂ ಕೊಡದಿದ್ದರೆ ಅರ್ಥವೇ ತಿರುಗಿತು.

ಗಮಕದವರು: ಕುಮಾರವ್ಯಾಸ ನಾರಣಪ್ಪನ ಕಾಲಕ್ಕೆ ೞ ಬಳಕೆಯಿಂದಲೇ ಹೋಗಿತ್ತು. ಅವರು ಕೇಳಿದ್ದು ಗದುಗಿನ ಭಾರತ. ಪಂಪನನ್ನು ಯಾಕೆ ಎಳೆದು ತಂದಿರಿ ಮೇಷ್ಟ್ರೇ?

ಹಳಗನ್ನಡ ಮೇಷ್ಟ್ರು: ಟಿಪ್ಪಣಿಯಲ್ಲಿ ಪದದ ಮೂಲರೂಪ ತೋರಿಸಲು ಹಳಗನ್ನಡದ ೞ, ಱ ಅಕ್ಷರಗಳು ಬೇಕೇ ಬೇಕು. ಎಷ್ಟೋ ಫಾಂಟ್‌ಗಳಲ್ಲಿ ಅವೆರಡೂ ಇಲ್ಲ, ಖಾಲಿ ಚೌಕ ಬರುತ್ತದೆ. ಕಂಪ್ಯೂಟರ್ ಪರದೆಯಲ್ಲಿ ನೋಡಿ ಒಪ್ಪಬೇಡಿ. ಫಾಂಟ್ ಸೇರಿಸಿದ ಪಿಡಿಎಫ್ ತೆಗೆಸಿ, ಕಾಗದದ ಮೇಲೆ ಅಚ್ಚಾದ ಕರಡಿನಲ್ಲಿ ಆ ಎರಡು ಅಕ್ಷರ ಹುಡುಕಿ ನೋಡಿ.