ತೋಟದ ಮನೆ ಗುಂಪಿನಲ್ಲಿ ಮೊನ್ನೆ ಆದ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ‘ತೋಟದ ಮನೆ’ ಅಂತ ಹೆಸರು. ತಿಪಟೂರು ಹತ್ತಿರದ ಊರಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಈಗ ಬೀಗ ಬಿದ್ದಿದೆ, ಗುಂಪಲ್ಲಿ ಮಾತ್ರ 23 ಜನ ಇದ್ದೀವಿ. ಅಕ್ಟೋಬರ್ ಮೊದಲ ಭಾನುವಾರ ಬೆಳಗ್ಗೆ ಅಲ್ಲಿ ನಡೆದ ಮಾತನ್ನ, ಮಾತಾಡಿದವರನ್ನೆಲ್ಲ ಕೇಳಿಯೇ ಇಲ್ಲಿ ಹಾಕ್ತಿದ್ದೀನಿ. ಹನ್ನೆರಡನೇ ಕ್ಲಾಸಿನ ಮಗು ಇರೋ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು ಓಡ್ತಿದೆ.

ಅಣ್ಣಯ್ಯ ರಿಟೈರ್ಡ್ ಹೆಡ್‌ಮಾಸ್ಟರ್. ಕಿರಣ ಅವನ ಮಗ. ಸುಮಾ ಅಂದ್ರೆ ನಾನು, ಗೀತಾ ನನ್ನ ತಂಗಿ, ಶಿವು ಚಿಕ್ಕಪ್ಪನ ಮಗ. ರವಿ ನಮ್ಮೆಲ್ಲರಿಗಿಂತ ಚಿಕ್ಕವನು, ಟೆಕ್ಸಾಸ್‌ನ ಪ್ಲೇನೋದಲ್ಲಿದ್ದಾನೆ. ಅವನ ಮಗಳು ಪುಟ್ಟಿ ಈ ವರ್ಷ ಕಾಲೇಜುಗಳಿಗೆ ಅರ್ಜಿ ಹಾಕ್ತಿದ್ದಾಳೆ. ನಮ್ಮ ಅಮ್ಮ ಮೂರು ವರ್ಷದಿಂದ ಅವರ ಮನೇಲೇ ಇದ್ದಾರೆ.

ಗೀತಾ (ಬೆಳಗ್ಗೆ 6:40): [ಫಾರ್ವರ್ಡ್] ಪೋಷಕರೇ ಎಚ್ಚರ!! ಅಮೆರಿಕದಲ್ಲಿ ಮಾರ್ಕ್ಸ್‌ಗೆ ಬೆಲೆಯೇ ಇಲ್ಲ!! ಎಸ್‌ಎಟಿಯಲ್ಲಿ (ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ) 1600ಕ್ಕೆ 1590 ತೆಗೆದ ಹುಡುಗನಿಗೆ 18 ಕಾಲೇಜುಗಳಲ್ಲಿ 16 ಕಾಲೇಜು ಸೀಟು ಕೊಡಲಿಲ್ಲ. ಕಾರಣ, ಬರೀ ಓದು! ಪಠ್ಯೇತರ ಚಟುವಟಿಕೆ ಸೊನ್ನೆ!! ಕೊನೆಗೆ ಗೂಗಲ್ ಕರೆದು ಕೆಲಸ ಕೊಟ್ಟಿತು. ಎಲ್ಲ ಗುಂಪಿಗೂ ಕಳಿಸಿ 🙏

ಗೀತಾ: ರವಿ ನೋಡಿದ್ಯೇನೋ? ಪುಟ್ಟಿ ವಿಷ್ಯಕ್ಕೇ ಕಳಿಸಿದ್ದು. ನಾನು ಎರಡು ವರ್ಷದಿಂದ ಬಡ್ಕೋತಿದ್ದೀನಿ, ಭರತನಾಟ್ಯ ಬಿಡಿಸಬೇಡಿ ಅಂತ.

ಅಣ್ಣಯ್ಯ: ಓದೋ ಮಕ್ಕಳಿಗೆ ಬೆಲೆ ಇಲ್ಲದ ದೇಶ ಉದ್ಧಾರ ಆಗಲ್ಲ. ನಮ್ಮ ಸಿಇಟಿ ನೋಡಿ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕುಣಿದೆಯಾ, ಹಾಡಿದೆಯಾ ಅಂತ ಯಾರೂ ಕೇಳಲ್ಲ.

ಕಿರಣ: ಅಪ್ಪ, ಸಿಇಟೀಲೂ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಕೋಟಾ ಇದೆ. ಗೀತತ್ತೆ, ಇದು ಎಲ್ಲಿಂದ ಬಂತು? ಯಾವ ಪೇಪರ್?

ಗೀತಾ: ನಮ್ಮ ಅಪಾರ್ಟ್‌ಮೆಂಟ್ ಗುಂಪಲ್ಲಿ ಬಂತಪ್ಪ. ಎಲ್ಲದಕ್ಕೂ ಪೇಪರ್ ಕೇಳ್ತೀಯಲ್ಲ, ಪೋಲಿಸ್ನೋರ ಥರ.

ಕಿರಣ: ಹತ್ತು ನಿಮಿಷ ಕೊಡಿ.

ಶಿವು: ಚಟುವಟಿಕೆ ಅಂದ್ರೆ ನಮ್ಮ ಕಾಲದ್ದು. ತೆಂಗಿನ ಹೆಡಮಟ್ಟೇಲಿ ಬ್ಯಾಟು, ಕೆರೆ ಏರಿ ಮೇಲೆ ಓಟ. ಹಬ್ಬಕ್ಕೆ ಮೂರು ತಿಂಗಳ ಮುಂಚೆ ಹಾರ್ಮೋನಿಯಂ ಮೇಷ್ಟ್ರು ಬಂದು ಕೂತ್ಕೊಳ್ಳೋರು. ಅಣ್ಣಯ್ಯ ಕೃಷ್ಣ ಆಗಿ ಬಂದಾಗ ಊರೆಲ್ಲ ಶಿಳ್ಳೆ ಹೊಡೀತಿತ್ತು. ನೆನಪಿದೆಯಾ ಸುಮಕ್ಕ? 86ನೇ ಇಸ್ವಿ ಇರಬೇಕು.

ನೆನಪಿಲ್ಲದೆ ಏನು. ಆ ವರ್ಷ ನಾನು ಎಸ್ಸೆಸ್ಸೆಲ್ಸಿ. ಜಿಲ್ಲಾ ಮಟ್ಟದ ಖೋಖೋ ಗೆದ್ದು, ಚಿತ್ರದುರ್ಗದಲ್ಲಿ ವಿಭಾಗ ಮಟ್ಟಕ್ಕೆ ನನ್ನ ಹೆಸರು ಬಂದಿತ್ತು. ಅಪ್ಪ ಹೋಗಿ ಒಂದು ವರ್ಷ ಆಗಿತ್ತು, ಮನೇಲಿ ಅಣ್ಣಯ್ಯನ ಮಾತೇ ಕೊನೆ. ‘ಪರೀಕ್ಷೆ ವರ್ಷ, ಆಟ ಸಾಕು’ ಅಂದ. ಪಿ.ಟಿ. ಮೇಷ್ಟ್ರು ಮನೆ ತನಕ ಬಂದು, ಜಗುಲಿ ಮೇಲೆ ಕೂತು, ಕೊಟ್ಟ ಕಾಫಿ ಕುಡೀದೇ ಎದ್ದು ಹೋದರು. ಇದನ್ನ ಗುಂಪಲ್ಲಿ ಬರೀಬಾರದಿತ್ತೇನೋ, ಆದ್ರೆ ಬರೆದುಬಿಟ್ಟೆ.

ಸುಮಾ: ನೆನಪಿದೆ ಶಿವು. ಅಣ್ಣಯ್ಯ ಮೂರು ತಿಂಗಳು ರಾತ್ರಿಯೆಲ್ಲ ನಾಟಕ ಕಲಿತ. ನನ್ನನ್ನ ಮೂರು ದಿನ ಚಿತ್ರದುರ್ಗಕ್ಕೆ ಕಳಿಸಲಿಲ್ಲ.

ಅಣ್ಣಯ್ಯ: ಸುಮಾ, ಅದನ್ನ ಇಲ್ಯಾಕೆ ತಂದೆ? ನಿನ್ನ ಒಳ್ಳೇದಕ್ಕೇ ಹೇಳಿದ್ದು. ಫಸ್ಟ್ ಕ್ಲಾಸ್ ಬಂತೋ ಇಲ್ವೋ?

ಸುಮಾ: ಬಂತು.

ಗೀತಾ: ಅಯ್ಯೋ ಬೆಳ್ಬೆಳಗ್ಗೆ ಬೇಡಿ 🙏 ವಿಷ್ಯ ಪುಟ್ಟೀದು.

ಕಿರಣ: ಹುಡುಕಿದೆ. ಇದು 2023ರ ಸುದ್ದಿ. ಹುಡುಗ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದವನು. 1590 ನಿಜ, 18ರಲ್ಲಿ 16 ಇಲ್ಲ ಅಂದಿದ್ದು ನಿಜ, ಗೂಗಲ್ ಕೆಲಸ ಕೊಟ್ಟಿದ್ದೂ ನಿಜ. ‘ಚಟುವಟಿಕೆ ಸೊನ್ನೆ’ ಅನ್ನೋದು ಸುಳ್ಳು. ಹೈಸ್ಕೂಲಲ್ಲಿದ್ದಾಗಲೇ, ಕಾಗದಪತ್ರಕ್ಕೆ ಕಂಪ್ಯೂಟರಲ್ಲೇ ಸಹಿ ಹಾಕೋ ಒಂದು ವೆಬ್‌ಸೈಟ್ ಕಟ್ಟಿ ನಡೆಸ್ತಿದ್ದ. ಸೀಟು ಕೊಟ್ಟ ಎರಡು ಕಾಲೇಜಲ್ಲಿ ಒಂದು ಯಾವ್ದು ಗೊತ್ತಾ? ಆಸ್ಟಿನ್‌ನಲ್ಲಿರೋ ಟೆಕ್ಸಾಸ್ ಯೂನಿವರ್ಸಿಟಿ. ಪುಟ್ಟಿ ಹಾಕ್ತಿರೋದೇ ಅಲ್ಲಿಗೆ.

ಗೀತಾ: ಅಂದ್ರೆ ಚಟುವಟಿಕೆ ಇದ್ರೂ ಸಿಗಲ್ಲ ಅಂತಾಯ್ತು! ಇನ್ನೂ ಭಯ ಆಗ್ತಿದೆ.

ರವಿ: ನಾನು ಎಲ್ಲ ಓದ್ತಿದ್ದೀನಿ. ಇಲ್ಲಿ ರಾತ್ರಿ, ಊಟ ಈಗ ಮುಗೀತು. ಪುಟ್ಟಿಗೆ ಮಾರ್ಕ್ಸ್ ಇದೆ, ಚಟುವಟಿಕೆ ಕಮ್ಮಿ ಇರೋದು ನಿಜ. ಅರ್ಜೀಲಿ ಹತ್ತು ಚಟುವಟಿಕೆ ಬರೆಯೋಕೆ ಜಾಗ ಇದೆ, ಎರಡು ತುಂಬಿದ್ದಾಳೆ. ಒಂದು ವರ್ಷದ ಗಣಿತ ಕ್ಲಬ್, ಕನ್ನಡ ಸಂಘದಲ್ಲಿ ಸ್ವಯಂಸೇವೆ. ಅವಳ ಫ್ರೆಂಡ್ಸ್ ಎಲ್ಲ ಹತ್ತೂ ತುಂಬಿದ್ದಾರಂತೆ.

ಅಣ್ಣಯ್ಯ: ಕನ್ನಡ ಮಾಧ್ಯಮದಲ್ಲಿ ಓದಿದ ನಿನಗೆ 95ರಲ್ಲಿ ಎಂಜಿನಿಯರಿಂಗ್ ಸೀಟು ಯಾವ ಕ್ಲಬ್ಬು ಕೊಡಿಸ್ತು? ಅಂಕ ಕೊಡಿಸ್ತು. ಎರಡು ವರ್ಷದ ಕೊಬ್ಬರಿ ಫಸಲು ಹೋಯ್ತು ನಿನ್ನ ಹಾಸ್ಟೆಲ್‌ಗೆ. ಯಾರೂ ಬಾಯಿ ಬಿಡಲಿಲ್ಲ.

ರವಿ: ಅಣ್ಣಯ್ಯ, ಆ ಕೊಬ್ಬರಿ ಲೆಕ್ಕ ಪ್ರತಿ ಸಲ ಬರುತ್ತೆ. ಋಣ ಇದೆ, ಇಲ್ಲ ಅಂದಿಲ್ಲ. ಈಗ ಮಗಳ ಮಾತು ಆಡ್ತಿದ್ದೀವಿ.

ಗೀತಾ: ಋಣದ ಮಾತು ಬಂತು ಅಂತ ಹೇಳ್ತೀನಿ ರವಿ, ಬೇಜಾರು ಮಾಡ್ಕೋಬೇಡ. ಅಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಬೇಡ ಅಂತ ನಾನು ಅಂದಿದ್ದೆ. ನೀವಿಬ್ಬರೂ ಕೆಲಸಕ್ಕೆ ಹೋಗ್ತೀರ. ಈಗ ಆ ಮಗು ಇನ್ಸುಲಿನ್ ಕೊಟ್ಕೊಂಡು ಮನೇಲಿ ಕೂತಿದೆ. ಇನ್ಯಾವಾಗ ಡಾನ್ಸಿಗೆ ಹೋಗತ್ತೆ?

ಇದಾದ ಮೇಲೆ ಇಪ್ಪತ್ತು ನಿಮಿಷ ಯಾರೂ ಏನೂ ಬರೀಲಿಲ್ಲ. ರವಿ ಟೈಪ್ ಮಾಡ್ತಿದ್ದಾನೆ ಅಂತ ಎರಡು ಸಲ ತೋರಿಸ್ತು, ಮೆಸೇಜು ಬರಲಿಲ್ಲ. ಗೀತಾ ಅಂದಿದ್ದು ಒರಟಾಗಿತ್ತು. ಆದರೆ ಇಡೀ ಬೆಳಗ್ಗೆ ಗುಂಪಲ್ಲಿ ಬಂದ ನೂರು ಮಾತಲ್ಲಿ ಪುಟ್ಟಿಗೆ ಬೇಕಾದ ಮಾತು ಅದೊಂದೇ ಅಂತ ನನಗನ್ನಿಸ್ತು.

ಹೋದ ವರ್ಷ ನಾನು ಪ್ಲೇನೋಗೆ ಹೋಗಿ ಆರು ವಾರ ಇದ್ದೆ. ಅಡುಗೆಮನೆ ಡ್ರಾಯರಲ್ಲಿ ಒಂದು ನೋಟ್‌ಬುಕ್ ಇದೆ. ದಿನಾ ಬೆಳಗ್ಗೆ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ ಪುಟ್ಟಿ ಅಮ್ಮನ ಬೆರಳು ಚುಚ್ಚಿ ಶುಗರ್ ನೋಡಿ ಅದರಲ್ಲಿ ಬರೀತಾಳೆ. ಬರೆಯೋದು ಕನ್ನಡ ಅಂಕೀಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮನಿಗೆ ಓದೋಕೆ ಬರೋದು ಅವೇ. ತನ್ನ ಶುಗರ್ ತಾನೇ ನೋಡ್ಕೋಬೇಕು ಅಂತ ಅಮ್ಮ ಹಟ ಹಿಡಿದಿದ್ದಕ್ಕೆ ಆ ಮಗು ೧ರಿಂದ ೯ರ ತನಕ ಕಲಿತಿದೆ. ೬ಕ್ಕೂ ೯ಕ್ಕೂ ಮೊದಮೊದಲು ಗೊಂದಲ ಆಗ್ತಿತ್ತಂತೆ. ಒಂದು ಪುಟದಲ್ಲಿ ೧೯೦ ಅಂತ ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ ೧೬೦ ಅಂತ ತಿದ್ದಿದ್ದಾಳೆ. ಕೆಳಗೆ ಅಮ್ಮನ ಸೊಟ್ಟ ಅಕ್ಷರದಲ್ಲಿ ‘ಸರಿ’ ಅಂತಿದೆ. ಡಾಕ್ಟರ್ ಹತ್ರ ಹೋದಾಗ, ‘ಎದೆ ಹಿಡ್ಕೊಂಡ ಹಾಗಾಗತ್ತೆ, ಆಮೇಲೆ ಬಿಡತ್ತೆ’ ಅಂತ ಅಮ್ಮ ಹೇಳಿದ್ದನ್ನ ಇಂಗ್ಲಿಷಿಗೆ ತಿರುಗಿಸಿ ಹೇಳೋದೂ ಅವಳೇ. ನಾನು ಪಕ್ಕದಲ್ಲೇ ಕೂತು ಕೇಳಿದ್ದೀನಿ. ಡಾಕ್ಟರ್ ಏನು ಕೇಳಿದರು ಅಂತ ಮತ್ತೆ ಕನ್ನಡಕ್ಕೆ ತರುವಾಗ ಒಂದು ಮಾತೂ ಬಿಡಲಿಲ್ಲ.

ಸುಮಾ: ಕಿರಣ, ಆ ಅರ್ಜೀಲಿ ಚಟುವಟಿಕೆ ಅಂದ್ರೆ ಏನೇನು ಬರುತ್ತೆ? ಸರಿಯಾಗಿ ನೋಡಿ ಹೇಳು.

ಕಿರಣ: ಅದೇ ನೋಡ್ತಿದ್ದೆ ಅತ್ತೆ. ಕಾಮನ್ ಆ್ಯಪ್ ಅಂತ, ನೂರಾರು ಕಾಲೇಜಿಗೆ ಒಂದೇ ಅರ್ಜಿ. ಅದರಲ್ಲಿ ಚಟುವಟಿಕೆ ಯಾವ ಬಗೆ ಅಂತ ಆರಿಸೋ ಪಟ್ಟಿ ಇದೆ. ಕ್ರೀಡೆ, ಸಂಗೀತ, ನೃತ್ಯ ಎಲ್ಲ ಇದೆ. ಸಂಬಳದ ಕೆಲಸ ಅಂತ ಇದೆ. ‘ಕುಟುಂಬದ ಜವಾಬ್ದಾರಿ’ ಅಂತಾನೂ ಇದೆ!

ಗೀತಾ: ಏನು?? ಮನೆಗೆಲಸಾನೂ ಬರೀಬೋದಾ?

ಕಿರಣ: ಹೌದು. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ, ಯಾವ ಯಾವ ಕ್ಲಾಸಲ್ಲಿ ಅಂತ ಕೇಳ್ತಾರೆ. ಮನೇಲಿ ಅಜ್ಜಿ ತಾತನ್ನೋ ತಮ್ಮ ತಂಗೀನೋ ನೋಡ್ಕೊಳ್ಳೋ ಮಕ್ಕಳನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಹಾರ್ವರ್ಡ್‌ನ ಶಿಕ್ಷಣ ವಿಭಾಗದವರು 2016ರಲ್ಲೇ ವರದಿ ಮಾಡಿದ್ದಾರೆ. ಉದ್ದದ ಪಟ್ಟಿಗಿಂತ, ಒಂದೆರಡು ಕೆಲಸ ಮನಸಿಟ್ಟು ಮಾಡಿರೋದು ಮೇಲು ಅಂತಾನೂ ಅದರಲ್ಲಿದೆ.

ಅಣ್ಣಯ್ಯ: ಅಮ್ಮನ ಸೇವೆ ಮಾಡಿದ್ದನ್ನ ಅರ್ಜೀಲಿ ಬರೀಬೇಕಾ? ಅದು ಧರ್ಮ. ಬರೆದು ತೋರಿಸ್ಕೊಳ್ಳೋ ವಸ್ತು ಅಲ್ಲ.

ಸುಮಾ: ಅಣ್ಣಯ್ಯ, ನಾಟಕದ ಪಾತ್ರ ಬರೀಬೋದು, ಖೋಖೋ ಬರೀಬೋದು. ಮೂರು ವರ್ಷ ದಿನಾ ಎರಡು ಹೊತ್ತು ಮಾಡಿದ ಕೆಲಸ ಬರೆದ್ರೆ ತಪ್ಪಾ? ಬರೀದೇ ಹೋದ್ರೆ ಓದೋರು ಈ ಹುಡುಗಿ ಮೂರು ವರ್ಷ ಸುಮ್ಮನೆ ಕೂತಿದ್ಲು ಅಂದ್ಕೋತಾರೆ. ಅದು ಸುಳ್ಳಾಗತ್ತೆ.

ಶಿವು: ಅಮ್ಮನ ಕೈಯಿನ ಒತ್ತು ಶ್ಯಾವಿಗೆ ನೆನಪಾಯ್ತು. ತೆಂಗಿನಹಾಲು, ಬೆಲ್ಲ...

ಗೀತಾ: ಶಿವು, ಸುಮ್ನಿರೋ ಸ್ವಲ್ಪ.

ರವಿ: ಅಕ್ಕ, ನಂಗೆ ಇದು ಹೊಳೀಲೇ ಇಲ್ಲ. ಅವಳು ಮಾಡ್ತಿದ್ದಾಳೆ ಅಂತ ಗೊತ್ತು, ಅದೂ ಒಂದು ಕೆಲಸ ಅಂತ ಎಣಿಸೇ ಇರಲಿಲ್ಲ. ಇನ್ನೊಂದು ವಿಷ್ಯ. ಇಲ್ಲಿ 1997ರಿಂದ ಒಂದು ಕಾನೂನಿದೆ. ಶಾಲೇಲಿ ಮೊದಲ ಶೇ. 10ರೊಳಗೆ ಬಂದೋರಿಗೆ ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಲಿ ಸೀಟು ಕೊಡಲೇಬೇಕು. ಆಸ್ಟಿನ್‌ಗೆ ಬೇಡಿಕೆ ಜಾಸ್ತಿ, ಅಲ್ಲಿಗೆ ಶೇ. 6 ಇತ್ತು, 2026ಕ್ಕೆ ಸೇರೋರಿಂದ ಶೇ. 5 ಮಾಡಿದ್ದಾರೆ. ಪುಟ್ಟಿ 1,100 ಮಕ್ಕಳಲ್ಲಿ 38ನೇಯವಳು.

ಅಣ್ಣಯ್ಯ: ಅಂದ್ರೆ 55ರೊಳಗಿದ್ದರೆ ಸಾಕು. ಹಾಗಾದ್ರೆ ಸೀಟು ಗ್ಯಾರಂಟಿ! ಅಂಕಕ್ಕೆ ಬೆಲೆ ಇಲ್ಲ ಅಂದಿದ್ದು ಯಾರು?

ಕಿರಣ: ನೀವೇ ಅಪ್ಪ. ಆರೂಮುಕ್ಕಾಲಿಗೆ.

ರವಿ: ಯೂನಿವರ್ಸಿಟಿ ಗ್ಯಾರಂಟಿ ಅಣ್ಣಯ್ಯ, ಬ್ರಾಂಚ್ ಗ್ಯಾರಂಟಿ ಇಲ್ಲ. ಅವಳಿಗೆ ಬೇಕಾಗಿರೋದು ಬಯೋಮೆಡಿಕಲ್ ಎಂಜಿನಿಯರಿಂಗ್. ಅದಕ್ಕೆ ಪ್ರಬಂಧ, ಚಟುವಟಿಕೆ ಎಲ್ಲ ನೋಡಿ ಕೊಡ್ತಾರೆ. ಅವಳಿಗೆ ಚಿಂತೆ ಇರೋದು ಅಲ್ಲೇ.

ಕಿರಣ: ಯಾವ ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡತ್ತೆ ಅನ್ನೋದಕ್ಕೂ ಒಂದು ದಾಖಲೆ ಇದೆ. ಕಾಮನ್ ಡೇಟಾ ಸೆಟ್ ಅಂತ ಕಾಲೇಜುಗಳೇ ವರ್ಷಾ ವರ್ಷಾ ಹಾಕ್ತವೆ. ಅದರಲ್ಲಿ ಸಿ7 ಅನ್ನೋ ಕೋಷ್ಟಕ ನೋಡು ಚಿಕ್ಕಪ್ಪ. ಅಂಕ, ಪ್ರಬಂಧ, ಚಟುವಟಿಕೆ, ಕೆಲಸದ ಅನುಭವ, ಒಂದೊಂದರ ಮುಂದೆಯೂ ಬಹಳ ಮುಖ್ಯ, ಮುಖ್ಯ, ಗಮನಿಸ್ತೀವಿ, ಗಮನಿಸಲ್ಲ ಅಂತ ನಾಲ್ಕು ಮನೆ. ಫಾರ್ವರ್ಡ್ ಓದೋ ಬದಲು ಅವಳು ಹಾಕ್ತಿರೋ ಒಂದೊಂದು ಕಾಲೇಜಿಂದೂ ಅದನ್ನ ಓದಿ.

ಗೀತಾ: ನನ್ನ ಫಾರ್ವರ್ಡ್ ಇಲ್ಲದಿದ್ರೆ ಇದ್ಯಾವುದೂ ಬರ್ತಿರಲಿಲ್ಲ ಬಿಡು.

ಆ ಹೊತ್ತಿಗೆ, ಪುಟ್ಟಿಯೂ ಈ ಗುಂಪಲ್ಲಿದ್ದಾಳೆ ಅನ್ನೋದನ್ನ ನಾವೆಲ್ಲ ಮರೆತಿದ್ವಿ. ಕೊಬ್ಬರಿ ಲೆಕ್ಕ, ನನ್ನ ಖೋಖೋ, ಅಮ್ಮನ ವಿಷಯ, ಎಲ್ಲಾನೂ ಅವಳು ಮೊದಲಿಂದ ಓದಿದ್ದಳು.

ಪುಟ್ಟಿ: ಗೀತತ್ತೆ, ಡಾನ್ಸ್ ನಾನೇ ಬಿಟ್ಟಿದ್ದು. ಅಜ್ಜಿ ಬರೋಕೆ ಮುಂಚೆನೇ. ನಂಗೆ ಇಷ್ಟ ಇರಲಿಲ್ಲ.

ಪುಟ್ಟಿ: ಅಜ್ಜಿ ಇನ್ಸುಲಿನ್ ಬರೀಬೋದು ಅಂತ ಗೊತ್ತಿರಲಿಲ್ಲ. ನಮ್ಮ ಸ್ಕೂಲಲ್ಲಿ ಎಲ್ಲರೂ ಡಿಬೇಟ್, ರೋಬಾಟಿಕ್ಸ್ ಬರೀತಾರೆ. ಇದನ್ನ ಬರೆದ್ರೆ ಪಾಪ ಅಂದ್ಕೋತಾರೆ ಅಂತ ಹೇಳಿರಲಿಲ್ಲ.

ಗೀತಾ: ಅಯ್ಯೋ ನನ್ನ ಕಂದ.

ಸುಮಾ: ಪುಟ್ಟಿ, ಏನು ಮಾಡ್ತೀಯೋ ಅಷ್ಟನ್ನೇ ಬರಿ. ಎಷ್ಟು ಹೊತ್ತು ಹಿಡಿಯತ್ತೆ ಅಂತ ಲೆಕ್ಕ ಹಾಕಿದ್ಯಾ?

ಪುಟ್ಟಿ: ಬೆಳಗ್ಗೆ ಅರ್ಧ ಗಂಟೆ, ರಾತ್ರಿ ಒಂದು ಗಂಟೆ. ವಾರಕ್ಕೆ ಹತ್ತೂವರೆ. ಡಾಕ್ಟರ್ ಹತ್ರ ಹೋಗೋದು ಸೇರಿಸಿದ್ರೆ 11. ವರ್ಷಕ್ಕೆ 52 ವಾರ. ಅಜ್ಜಿಗೆ ರಜ ಇಲ್ಲ ಅಲ್ವಾ.

ಅಣ್ಣಯ್ಯ ಇದಕ್ಕೆ ಏನೂ ಬರೀಲಿಲ್ಲ. ಹತ್ತು ನಿಮಿಷ ಆದ್ಮೇಲೆ ನನಗೆ ಬೇರೆ ಮೆಸೇಜ್ ಕಳಿಸಿದ, ಗುಂಪಿಗೆ ಹಾಕದೆ. ‘ಚಿತ್ರದುರ್ಗಕ್ಕೆ ಕಳಿಸಬೇಕಿತ್ತು’ ಅಂತ ಅಷ್ಟೇ. 39 ವರ್ಷ ಆಗಿತ್ತು. ಏನು ಉತ್ತರ ಬರೀಬೇಕು ಅಂತ ತೋಚದೆ ಫೋನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಗುಂಪಲ್ಲಿ ಮತ್ತೆ ಸದ್ದಾಯ್ತು.

ಪುಟ್ಟಿ: ಬರೆದೆ. ಶುಗರ್ ನೋಡೋದು, ಇನ್ಸುಲಿನ್, ಕನ್ನಡ ಅಂಕಿ ನೋಟ್‌ಬುಕ್, ಡಾಕ್ಟರ್ ಹತ್ರ ಅಜ್ಜಿ ಮಾತು ಇಂಗ್ಲಿಷಲ್ಲಿ ಹೇಳೋದು. 150 ಅಕ್ಷರ ಮಾತ್ರ ಇರಬೇಕಂತೆ. ನಂದು 163 ಆಗಿದೆ. ಏನ್ ತೆಗೀಲಿ? ನೋಟ್‌ಬುಕ್ ತೆಗೆದುಬಿಡ್ಲಾ?

ಸುಮಾ: ನೋಟ್‌ಬುಕ್ ತೆಗೀಬೇಡ.

ಅಣ್ಣಯ್ಯ: ಕಳಿಸು ಪುಟ್ಟಿ. ನಾನು ನೋಡ್ತೀನಿ. ಹದಿಮೂರು ಅಕ್ಷರ ತಾನೆ.